ಅಪ್ಪನ ಕೋವಿ, ಎರಡು ರಾಜ್ಯದ ನಾವು

ನಮ್ಮ ತೋಟ ಮಂಜೇಶ್ವರ ತಾಲೂಕಿನ ಮೀಂಜದಲ್ಲಿದೆ. ನಾನಿರುವುದು ತೊಕ್ಕೊಟ್ಟಿನಲ್ಲಿ, ಪಾಠ ಮಾಡುವುದು ಮಂಗಳೂರಿನ ಶಾಲೆಯೊಂದರಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲಕ್ಕೂ ನಮ್ಮವರಿಗೆ ಮಂಗಳೂರೇ. ಹಾಗಾಗಿ ಗಡಿಯ ತಲಪಾಡಿ ದಾಟುವಾಗ ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇವೆ ಅಂತ ಅನಿಸುವುದೇ ಇಲ್ಲ. ಕೋವಿ ಇದ್ದವರು ಮಾತ್ರ ಅದನ್ನು ನೆನಪಿಡಲೇಬೇಕು.

ಅಪ್ಪನ ಹತ್ತಿರ ಒಂಟಿನಳಿಗೆಯ ಕೋವಿ ಇದೆ. ಹಂದಿ ಬಂದರೆ ಅಡಿಕೆ ಸಸಿಯ ಬುಡವನ್ನೇ ಅಗೆದು ಹಾಕುತ್ತದೆ. ಮಂಗಗಳು ಬೊಂಡ ಕಿತ್ತು ಬಿಸಾಡುತ್ತವೆ. ಹೆಚ್ಚಾಗಿ ಕೋವಿಯ ಸದ್ದಿಗೇ ಓಡಿಹೋಗುತ್ತವೆ. ಲೈಸೆನ್ಸ್ ಇದೆ ಅಂತ ಪ್ರಾಣಿ ಕೊಲ್ಲುವ ಹಾಗಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಉಪದ್ರದ ಹಂದಿಯನ್ನು ಕೊಲ್ಲಿಸಲು ಆದೇಶ ಕೊಡುವ ಅಧಿಕಾರವನ್ನು ಕೇರಳ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಆ ಆದೇಶ ಕರ್ನಾಟಕದಲ್ಲಿರುವ ನಮ್ಮ ಉಳ್ಳಾಲದ ಕಡೆಯ ತೋಟದವರಿಗೆ ಅನ್ವಯಿಸುವುದಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಅಪ್ಪ ಫೋನ್ ಮಾಡಿ, "ಬರುವಾಗ ಮಂಗಳೂರಿನ ಅಂಗಡಿಯಿಂದ ತೋಟೆ ತರ್ತೀಯಾ ಮಗಾ?" ಅಂತ ಕೇಳಿದರು. ತೋಟೆ ಅಂದರೆ ಕೋವಿಯ ಗುಂಡು. ಲೈಸೆನ್ಸ್ ಪುಸ್ತಕದ ಫೋಟೋ ಕಳಿಸಿ ಅಂದೆ. ಅದರಲ್ಲಿ ಲೈಸೆನ್ಸ್ ಯಾವ ಪ್ರದೇಶದಲ್ಲಿ ನಡೆಯುತ್ತದೆ ಅನ್ನುವ ಕಾಲಂ ಇರುತ್ತದೆ. ಅಲ್ಲಿದ್ದದ್ದು ಕಾಸರಗೋಡು ಜಿಲ್ಲೆ ಮಾತ್ರ. ಲೈಸೆನ್ಸ್ ಅವರದ್ದು, ಜಿಲ್ಲೆಯೂ ಬೇರೆ. ನಾನು ಬ್ಯಾಗಿನಲ್ಲಿ ತೋಟೆ ಇಟ್ಟುಕೊಂಡು ಬಸ್ ಹತ್ತಿದರೆ ನೇರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಆಗುವುದಿಲ್ಲ ಅಪ್ಪ ಅಂದೆ. ಅವರಿಗೂ ಅರ್ಥವಾಯಿತು.

ಇಡೀ ಭಾರತಕ್ಕೆ ನಡೆಯುವ ಲೈಸೆನ್ಸ್ ಇಲ್ಲ ಅಂತಲ್ಲ. ಅದು ಹೆಚ್ಚಾಗಿ ಸಂಸದರು, ಸೇನೆಯವರು, ಕ್ರೀಡೆಯ ಶೂಟರ್‌ಗಳು, ದೇಶದಲ್ಲಿ ಎಲ್ಲಿಗೆ ಬೇಕಾದರೂ ವರ್ಗವಾಗುವ ಅಧಿಕಾರಿಗಳು, ಇಂಥವರಿಗೆ. ಕೃಷಿಕರ ಕೈಗೆ ಬರುವುದು ಅಪರೂಪ. ಮನೆ ಬದಲಾಯಿಸಿ ಕೋವಿಯನ್ನೂ ಜೊತೆಗೆ ಒಯ್ದರೆ, ಅಲ್ಲಿ 30 ದಿನಕ್ಕಿಂತ ಜಾಸ್ತಿ ಇರುವುದಾದರೆ, 30 ದಿನದ ಒಳಗೆ ಹೊಸ ಊರಿನ ಅಧಿಕಾರಿಗೂ ಹಳೆಯ ಅಧಿಕಾರಿಗೂ ತಿಳಿಸಬೇಕು. ಮಗನ ಮನೆಗೆ ಅಂತ ಮಂಗಳೂರಿಗೆ ಬಂದು ನೆಲೆಸುವ ವಯಸ್ಸಾದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಹೇಳಿ.

ಅಪ್ಪನಿಗೆ 70 ದಾಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರಿಗೆ 70 ತುಂಬಿದರೆ, ಅಥವಾ ಅವರು ಕೋವಿ ಇಟ್ಟುಕೊಂಡು 25 ವರ್ಷ ಆದರೆ, ಅವರು ಸೂಚಿಸಿದ ವಾರಸುದಾರರು ಆ ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮಗಳೂ ಹಾಕಬಹುದು. ನೆಂಟರು "ಹೆಣ್ಣುಮಕ್ಕಳಿಗೆ ಯಾಕೆ ಕೋವಿ?" ಅಂದರು. ಅಣ್ಣ ದುಬೈಯಲ್ಲಿದ್ದಾನೆ. ರಜೆಯಲ್ಲೆಲ್ಲ ತೋಟದಲ್ಲಿ ನಿಲ್ಲುವವಳು ನಾನು. ಅಣ್ಣನೇ "ನೀನೇ ಹಾಕು" ಅಂದ.

ಕಷ್ಟ ಶುರುವಾದದ್ದು ಇಲ್ಲಿ. ಅರ್ಜಿ ಹಾಕಬೇಕಾದದ್ದು ನಾವು ವಾಸ ಇರುವ ಅಥವಾ ಕೆಲಸ ಮಾಡುವ ಊರಿನಲ್ಲಿ. ನನಗೆ ಎರಡೂ ಮಂಗಳೂರು, ಅಂದರೆ ಪೊಲೀಸ್ ಕಮಿಷನರ್ ಕಚೇರಿ. ಕೋವಿ ಬೇಕಾಗಿರುವುದು ಮೀಂಜದಲ್ಲಿ. ಬರೀ ಮಂಗಳೂರಿಗೆ ನಡೆಯುವ ಲೈಸೆನ್ಸ್ ಕೊಟ್ಟರೆ ನನಗೆ ಏನು ಪ್ರಯೋಜನ? ತೋಟವೇ ಇಲ್ಲದ ಕಡೆ ಕೋವಿ ಇಟ್ಟುಕೊಳ್ಳುವ ಆಸೆ ನನಗಿಲ್ಲ. ಕೋವಿಗೆ ಕಟ್ಟುನಿಟ್ಟು ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಡಿಯ ಕೃಷಿಕರಿಗೆ, ಜಮೀನಿನ ದಾಖಲೆ ನೋಡಿ, ಮನೆ ಇರುವ ಜಿಲ್ಲೆ ಮತ್ತು ತೋಟ ಇರುವ ಜಿಲ್ಲೆ ಎರಡನ್ನೂ ಸೇರಿಸಿ ಕೊಡುವ ಸರಳ ದಾರಿ ಬೇಕು. ಸುಳ್ಯ, ಪುತ್ತೂರು, ಬಂಟ್ವಾಳದ ಗಡಿಯಲ್ಲೂ ಹೀಗೆ ಎರಡೂ ಕಡೆ ಬದುಕುವವರಿದ್ದಾರೆ.

ಅಲ್ಲಿಯವರೆಗೆ ಕೋವಿ ಅಪ್ಪನ ಹೆಸರಲ್ಲಿ, ಮೀಂಜದ ಮನೆಯಲ್ಲೇ ಇರುತ್ತದೆ. ಅದನ್ನು ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಒಯ್ಯುವುದಿದ್ದರೆ ಅಪ್ಪ ಜೊತೆಗಿರಬೇಕು, ಇಲ್ಲವೇ ಅವರ ಲಿಖಿತ ಒಪ್ಪಿಗೆ ನನ್ನ ಕೈಯಲ್ಲಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಇದಕ್ಕೆ ಅವಕಾಶ ಇದೆ. ಲೈಸೆನ್ಸ್ ಅರ್ಜಿಯ ಎ-1 ಫಾರ್ಮ್ ತುಂಬಿಸಿ ಆಗಿದೆ. ಮೀಂಜದ ಜಾಗದ ತೀರ್ವೆ (ಭೂಕಂದಾಯ) ರಸೀದಿ ಲಗತ್ತಿಸಿದ್ದೇನೆ, ಕಾಸರಗೋಡು ಜಿಲ್ಲೆಯನ್ನೂ ಸೇರಿಸಿ ಅಂತ ಪ್ರತ್ಯೇಕ ಪತ್ರ ಬರೆದಿದ್ದೇನೆ. ಮೆಡಿಕಲ್ ಸರ್ಟಿಫಿಕೇಟ್ ಸಿಕ್ಕಿದೆ, ಕೋವಿ ಬಳಸುವ ತರಬೇತಿಯದ್ದು ಇನ್ನು ಆಗಬೇಕು.