ಮಾಗುರಿ ಬೀಲ್‌ಗೆ ಹಕ್ಕಿ ನೋಡೋಕೆ ಹೋಗಿದ್ದು

2021ರ ಫೆಬ್ರವರಿಲಿ ಅಸ್ಸಾಂನ ಮಾಗುರಿ ಬೀಲ್‌ನಲ್ಲಿ ಮ್ಯಾಂಡರಿನ್ ಬಾತು ಕಾಣಿಸ್ಕೊಂಡಿತ್ತು, ನೂರು ವರ್ಷಕ್ಕೂ ಮೇಲಾದ್ಮೇಲೆ ಬಂದಿದೆ ಅಂತ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವಲ್ಲ, ಆವಾಗಿಂದ ಈ ಜಾಗ ತಲೇಲಿತ್ತು. ಈ ಚಳಿಗಾಲದಲ್ಲಿ ಹೋದ್ವಿ. ತಿನ್ಸುಕಿಯಾದಿಂದ ಆಟೋ, ಆಮೇಲೆ ಸಪೂರ ದೋಣಿ. ಬೀಲ್ ಅಂದ್ರೆ ಕೆರೆ ಥರಾನೇ, ಆದ್ರೆ ನಮ್ಮ ಕಡೆ ಇರೋ ಹಾಗೆ ಏರಿ, ತೂಬು ಏನಿಲ್ಲ. ಮಂಜು ಎಷ್ಟಿತ್ತು ಅಂದ್ರೆ ಬೈನಾಕ್ಯುಲರ್ ತಂದಿದ್ದೇ ದಂಡ.

ಸ್ವಲ್ಪ ದೂರ ಹೋದ್ಮೇಲೆ ದೋಣಿಯವ್ರು ಬಿದಿರಿನ ಗಳ ನಿಲ್ಲಿಸಿ ಒಂದು ಕಡೆ ಕೈ ತೋರಿಸಿ "ಬಾಘ್‌ಜಾನ್" ಅಂದ್ರು. ನನಗೆ ತಕ್ಷಣ ಹೊಳೀಲಿಲ್ಲ, ಹೇಳ್ಕೊಳ್ಳೋಕೆ ನಾಚಿಕೆ.

2020ರ ಮೇ 27ಕ್ಕೆ ಅಲ್ಲಿ ಆಯಿಲ್ ಇಂಡಿಯಾ ಅನ್ನೋ ಸರ್ಕಾರಿ ತೈಲ ಕಂಪನಿಯ 5ನೇ ನಂಬರ್ ಬಾವಿ ಹಿಡಿತ ತಪ್ಪಿ ಗ್ಯಾಸ್ ಉಕ್ಕೋಕೆ ಶುರುವಾಯ್ತು, ಜೂನ್ 9ಕ್ಕೆ ಬೆಂಕಿ ಹತ್ಕೊಳ್ತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರ್ಕೊಂಡ್ರು, ಆರಿಸೋಕೆ ಆಗಿದ್ದು ನವೆಂಬರ್ 15ಕ್ಕೆ. ಸಾವಿರಾರು ಜನ ಕೊರೊನಾ ಟೈಮಲ್ಲಿ ಮನೆ ಬಿಟ್ಟು ಪರಿಹಾರ ಶಿಬಿರದಲ್ಲಿ ಒತ್ತೊತ್ತಾಗಿ ಇದ್ರು. ನಾವು ಆವಾಗ ಬೆಂಗಳೂರಲ್ಲಿ ಬಾಗ್ಲು ಹಾಕ್ಕೊಂಡು ಡಾಲ್ಗೋನಾ ಕಾಫಿ ಕಲಕ್ತಾ ಇದ್ವಿ.

"ರಾತ್ರಿ ಅನ್ನೋದೇ ಇರ್ಲಿಲ್ಲ ದಾದಾ, ಪಕ್ಕದಲ್ಲಿರೋರ ಹತ್ರಾನೂ ಕೂಗೇ ಮಾತಾಡ್ಬೇಕಿತ್ತು" ಅಂದ್ರು ದೋಣಿಯವ್ರು, ಅವರ ಹಿಂದಿಲಿ. ಗ್ಯಾಸ್ ಜೊತೆ ಬರೋ ಕಂಡೆನ್ಸೇಟ್ ಅನ್ನೋ ತೆಳು ಎಣ್ಣೆ ತುಂತುರು ಥರ ಟೀ ಗಿಡ, ಗದ್ದೆ, ಈ ನೀರು, ಎಲ್ಲದ್ರ ಮೇಲೂ ಕೂತಿತ್ತಂತೆ. ಮೀನು ಸತ್ತು ತೇಲಿದ್ವು, ಒಂದು ನದಿ ಡಾಲ್ಫಿನ್ ಕೂಡ. ದಿಬ್ರು-ಸೈಖೋವಾ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ ಅನ್ನೋದು ಬಾವಿ ಕೊರೆಯೋಕೆ ಮುಂಚೆ ಯಾರಿಗೂ ಗೊತ್ತಿರ್ಲಿಲ್ವಾ?

ಪೂರ್ತಿ ಸುಟ್ಟುಹೋದ ಮನೆಗಳಿಗೆ 25 ಲಕ್ಷ ಪರಿಹಾರ ಅಂತಾಯ್ತು. ಮನೆ ಎಷ್ಟು ಸುಟ್ಟಿದೆ ಅಂತ ಅಳೀಬಹುದು, ಬಲೆಗೆ ಬೀಳದೇ ಇರೋ ಮೀನನ್ನ ಹೇಗೆ ಎಣಿಸ್ತಾರೆ ಅಂತ ದೋಣಿಯವ್ರು ಕೇಳಿದ್ರು, ನಾನು ಕ್ಯಾಮೆರಾ ಲೆನ್ಸ್ ಒರೆಸ್ತಾ ಕೂತೆ.

ಮಾರನೇ ದಿನ ಡಿಗ್ಬೋಯ್ ಊರಿನ ತೈಲ ಮ್ಯೂಸಿಯಂ, ಅಲ್ಲಿನ 1901ರ ರಿಫೈನರಿ ಬಗ್ಗೆ ಚೆಂದದ ಬೋರ್ಡುಗಳು. ಅರ್ಧ ಗಂಟೇಲಿ ಹೊರಗೆ ಬಂದ್ವಿ.

ಮಾಗುರಿಗೆ ಆ ಹೆಸರು ಬಂದಿದ್ದೇ ಮಾಗುರ್ ಮೀನಿಂದ ಅಂತೆ. ರಾತ್ರಿ ಹೋಮ್‌ಸ್ಟೇಲಿ ಮೀನಿನ ಹುಳಿ ಸಾರು ಬಡಿಸಿದ್ರು, ಬಲು ರುಚಿ, ಇದು ಬೀಲ್‌ದಾ ಬೈದೇವ್ (ಅಲ್ಲಿ ಅಕ್ಕಂಗೆ ಹಾಗಂತಾರೆ) ಅಂದೆ. ಆಯಮ್ಮ ನಕ್ಕು, ಅಲ್ಲಪ್ಪ, ತಿನ್ಸುಕಿಯಾ ಮಾರ್ಕೆಟ್ಟಿಂದು, ಐಸ್ ಹಾಕ್ಕೊಂಡು ಆಂಧ್ರದಿಂದ ಬರುತ್ತೆ ಅಂದ್ರು.