ಜ ಅಕ್ಷರದ ಹೆಸರು

27 ನವೆಂಬರ್ 2023, ಸೋಮವಾರ. ಧಾರವಾಡ

ಗುರುವಾರ ತೊಟ್ಟಿಲು. ಸೋದರತ್ತೆ ನಾನೇ ಆದ್ದರಿಂದ ಕೂಸಿನ ಕಿವಿಯಲ್ಲಿ ಕುರ್ರ್ ಅನ್ನೋದು, ಬೆನ್ನಿಗೆ ಗುದ್ದು ತಿನ್ನೋದು ಎರಡೂ ನನ್ನ ಪಾಲಿಗೆ. ಹೆಸರೇ ಇನ್ನೂ ಗಟ್ಟಿಯಾಗಿಲ್ಲ. ಉತ್ತರಾಷಾಢ ಮೂರನೇ ಪಾದ, ಜ ಅಕ್ಷರ. ತಮ್ಮ ಸಂಜೆ ಫೋನಿನಲ್ಲಿ ಪಟ್ಟಿ ಓದಿದ. ಜಾನ್ವಿ, ಜಿಯಾ, ಇನ್ನೂ ಏನೇನೋ. (ಜಿ ನಾಲ್ಕನೇ ಪಾದದ್ದು. ಇರಲಿ.)

ಸ್ಪೀಕರ್ ಹಾಕಿದ್ದೆ. ಅಪ್ಪ ಪಕ್ಕದಲ್ಲಿ ಅಡಿಕೆ ಕತ್ತರಿಸ್ತಾ ಕೂತಿದ್ದರು. "ಜಕ್ಕವ್ವ ಅಂತನೂ ಒಂದ ಐತಲ್ಲ," ಅಂದರು, ಯಾರಿಗೆ ಅಂತಿಲ್ಲದೆ. ಅತ್ತಲಿಂದ ತಮ್ಮನ ಹೆಂಡತಿ ನಕ್ಕಳು. ಕೆಟ್ಟ ನಗುವಲ್ಲ, ತಡೆಯದೆ ಬಂದದ್ದು. "ಮಾವಾರ, ನಾಳೆ ಸಾಲ್ಯಾಗ ಹುಡುಗ್ರು ಜೀವಾ ತಿಂತಾವ್ರಿ."

"ಹೌದವಾ, ಅದೂ ಖರೇನ," ಅಂದು ಅಪ್ಪ ಎದ್ದು ಹೋದರು. ಜಕ್ಕವ್ವ ಅವರ ಅವ್ವ.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆ ಅಂತ ಹೇಳೋಕೂ ಬರೋದಿಲ್ಲ. ಯಕ್ಷಿ ನಮ್ಮವರ ಬಾಯಲ್ಲಿ ಜಕ್ಕಿ ಆದಳು. ವೃಷಭ ಬಸವನಾದ, ಬ್ರಹ್ಮ ಬೊಮ್ಮನಾದ, ರತ್ನ ರನ್ನ ಆಯಿತು. ಜಕ್ಕಿಯ ಬೆನ್ನಿಗಿರೋ ಅವ್ವ ಹಳಗನ್ನಡದ ಅಬ್ಬೆ. ಶಿಕಾರಿಪುರದ ಹತ್ತಿರ ಬಂದಳಿಕೆಯ ಶಾಸನದಲ್ಲಿ ಒಬ್ಬ ಜಕ್ಕಿಯಬ್ಬೆ ಇದ್ದಾಳೆ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಶುರು. ಗಂಡ ತೀರಿಕೊಂಡ ಮೇಲೆ ನಾಗರಖಂಡ 70, ಅಂದರೆ ಎಪ್ಪತ್ತು ಹಳ್ಳಿಗಳ ನಾಡಿನ ಆಡಳಿತ ಅವಳ ಕೈಗೆ ಬಂತು. ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರ ಮಗಳಿಗೆ ಒಪ್ಪಿಸಿ ಸಲ್ಲೇಖನ, ಅಂದರೆ ಜೈನರು ಸಾಯೋ ತನಕ ಮಾಡೋ ಉಪವಾಸ, ಹಿಡಿದಳು. ನಮ್ಮಜ್ಜಿ ಅಕ್ಷರ ಕಲಿಯಲಿಲ್ಲ, ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಹೆಸರು ಮಾತ್ರ ಸಾವಿರ ವರ್ಷ ದಾಟಿ ಅವಳ ತನಕ ಬಂದು ಕೂತಿತ್ತು, ರೇಷನ್ ಕಾರ್ಡಿನ ಮೇಲೆ.

ಮಜಾ ಅಂದ್ರೆ ಜಾನ್ವಿ. ಅದು ಜಾಹ್ನವಿ, ಜಹ್ನು ಋಷಿಯ ಮಗಳು, ಗಂಗೆ. ಹ-ಕಾರ ತೊಡಕು ಅಂತ ನುಂಗಿ ಜಾನ್ವಿ ಮಾಡಿಕೊಂಡಿದ್ದಾರೆ. ಯಕ್ಷಿಯನ್ನ ಜಕ್ಕಿ ಮಾಡಿದ್ದೂ ಇಂಥದೇ ನಾಲಿಗೆ. ಒಂದು ಹಳ್ಳಿ ಹೆಸರಾಯಿತು, ಇನ್ನೊಂದು ಫ್ಯಾಷನ್. ಇದನ್ನ ತಮ್ಮನಿಗೆ ಮೆಸೇಜ್ ಮಾಡಿದೆ. "ಅಕ್ಕಾ, ನೀ ಮತ್ತ ಕ್ಲಾಸ್ ಚಾಲೂ ಮಾಡಿದಿ" ಅಂತ ನಗುವ ಮುಖ ಬಂತು.

ಕವಿ ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಅಂತ, ಮಗನಿಗೆ ರಾಯ ಅಂತ ಇಟ್ಟ. ಇಬ್ಬರದೂ ಅನ್ನ ಹಾಕಿದವರ ಹೆಸರು. ನಕ್ಷತ್ರ ನೋಡಿದ್ದನೋ ಇಲ್ಲವೋ.

ಬೀಗಿತ್ತಿ ಆಗಲೇ ಫೋನ್ ಮಾಡಿದ್ದರು, ಗುಗ್ಗರಿಗೆ ಕಡಲೆ ಎಷ್ಟು ನೆನೆಹಾಕೋದು ಅಂತ. ನನ್ನ ಸೀರೆಗೆ ಫಾಲ್ ಹಚ್ಚಿಸೋದು ಹಾಗೇ ಉಳಿದಿದೆ.

ಕರೆಯೋಕೆ ಜಾನ್ವಿ ಇರಲಿ, ತೊಟ್ಟಿಲಲ್ಲಿ ಎರಡು ಹೆಸರು ಕೂಗೋದು ನಮ್ಮಲ್ಲಿ ಹೊಸದೇನಲ್ಲ ಅಂತ ತಮ್ಮನಿಗೆ ಹೇಳಬಹುದು. ಒಪ್ಪಿಯಾನು. ಅದಕ್ಕೂ ಮೊದಲು ಅಪ್ಪನನ್ನ ಕೇಳಬೇಕು. ಕೇಳಿದರೆ "ನಂದೇನೈತಿ, ನೀವ ಇಟ್ಟದ್ದ ಹೆಸರು" ಅಂತಾರೆ, ಅದೂ ಗೊತ್ತು. ಅಂದರೂ