ಆ ಕಪ್ಪು ಕೊಳೆಯಲ್ಲ, ಕೆರೆಯಬೇಡಿ

ಹೋದ ಶ್ರಾವಣದಲ್ಲಿ ಗದಗಿನ ಮಾಸ್ತರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಹುಬ್ಬಳ್ಳಿಯ ನಮ್ಮ ರಿಪೇರಿ ಅಂಗಡಿಗೆ ಬಂದರು. ಕೀಬೋರ್ಡಿನ ಅರ್ಧ ಕೀಗಳು ಸತ್ತಿದ್ದವು. ವಿಡಿಯೊ ನೋಡಿ ಮನೆಯಲ್ಲೇ ಬಿಚ್ಚಿ, ಕೀಬೋರ್ಡನ್ನು ಒಳಗಿನ ಬೋರ್ಡಿಗೆ ಜೋಡಿಸುವ ತೆಳು ಪಟ್ಟಿಯಂಥ ಕೇಬಲ್ಲನ್ನು, ಅಂದರೆ ಸ್ಟ್ರಿಪ್ಪನ್ನು, ಒರೆಸಿದ್ದರು.

“ಸ್ಟ್ರಿಪ್ಪಿಗೆ ಏನ್ ಹಚ್ಚೀರಿ ಸರ?”

“ಮನ್ಯಾಗ ಸ್ಯಾನಿಟೈಸರ್ ಇತ್ರಿ, ಅದ್ರಿಂದ ಒರಸಿದೆ. ತುದೀಗೆ ಭಾಳ ಕಪ್ಪಾಗಿತ್ತು, ಹೋಗಲಿಲ್ಲ. ಬ್ಲೇಡಿಂದ ಒಂಚೂರು ಕೆರದೆ.”

ಅಲ್ಲೇ ಕೆಲಸ ಕೆಟ್ಟಿತ್ತು. ಎಷ್ಟೋ ಲ್ಯಾಪ್‌ಟಾಪ್ ಕೀಬೋರ್ಡುಗಳ ಸ್ಟ್ರಿಪ್‌ನಲ್ಲಿ ತಾಮ್ರವೇ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿ ಬೆರೆತ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ಗದಗ-ಬೆಟಗೇರಿಯವರಿಗೆ ಪ್ರಿಂಟಿಂಗ್ ಹೊಸದಲ್ಲ. ಇದೂ ಸ್ಕ್ರೀನ್ ಪ್ರಿಂಟಿಂಗೇ. ಗಾಳಿಗೆ, ತೇವಕ್ಕೆ ಬೆಳ್ಳಿ ಕೆಡಬಾರದೆಂದು ತುದಿಗೆ ಕಾರ್ಬನ್ ಬಳಿದಿರುತ್ತಾರೆ. ಮಾಸ್ತರು ಕೊಳೆಯೆಂದು ಕೆರೆದದ್ದು ಅದನ್ನೇ. ಎರಡು ಗೆರೆಗಳು ಪೂರ್ತಿ ಎದ್ದುಹೋಗಿದ್ದವು.

ಭೂತಗನ್ನಡಿ ಅವರ ಕೈಗೇ ಕೊಟ್ಟೆ. ಸ್ಟ್ರಿಪ್ಪಿನ ತುದಿ ಸಿಕ್ಕಿಸುವ ಕನೆಕ್ಟರಿನ ಪಿನ್ನುಗಳು ಒತ್ತಿದ ಸಣ್ಣ ಗುರುತುಗಳು ಒಂದು ಬದಿಗೆ ಒಳಗಿದ್ದವು, ಇನ್ನೊಂದು ಬದಿಗೆ ಅಂಚಿನಲ್ಲೇ. ಅಂದರೆ ಸ್ಟ್ರಿಪ್ ಸೊಟ್ಟಗೆ ಕೂತಿತ್ತು. ತೆಗೆದು ನೆಟ್ಟಗೆ ಕೂರಿಸಿದ್ದರೆ ಸಾಕಿತ್ತು, ಒರೆಸುವ ಅಗತ್ಯವೇ ಇರಲಿಲ್ಲ. ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಸಂಕಟವಾಯಿತು. ಹೊಸ ಕೀಬೋರ್ಡನ್ನೇ ಹಾಕಬೇಕಾಯಿತು.

ಅದಕ್ಕೇ ಈಗ ಮನೆಯಲ್ಲಿ ಬಿಚ್ಚುವವರಿಗೆಲ್ಲ ಹೇಳುತ್ತೇನೆ: ಮೊದಲು ನೋಡಿ, ಆಮೇಲೆ ಒರೆಸಿ. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ. ಡಿಸ್‌ಪ್ಲೇ ಸ್ಟ್ರಿಪ್ಪಾದರೆ ಇದನ್ನು ಮರೆಯಲೇಬಾರದು. ಕರೆಂಟಿದ್ದಾಗ ಎಳೆದರೆ ಬ್ಯಾಕ್‌ಲೈಟಿನ ಫ್ಯೂಸ್ ಹಾರಬಹುದು. ಸ್ಟ್ರಿಪ್ ಹೇಗೆ ಕೂತಿದೆಯೆಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೆ ಸ್ಟ್ರಿಪ್ಪನ್ನು ಹಿಡಿದಿಡುವ ಕನೆಕ್ಟರಿನ ಲಾಕ್. ಕೆಲವು ಬಾಗಿಲಿನಂತೆ ಮೇಲೇಳುತ್ತವೆ, ಕೆಲವು ಡ್ರಾವರಿನಂತೆ ಒಂದೆರಡು ಮಿಲಿಮೀಟರ್ ಹೊರಗೆ ಜಾರುತ್ತವೆ, ಕೆಲವಕ್ಕೆ ಲಾಕೇ ಇರುವುದಿಲ್ಲ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ಜಾರುವ ಲಾಕನ್ನು ಚಿಮಟಿಗೆಯಿಂದ ಮೇಲೆತ್ತಿ ಮುರಿದಿದ್ದೆ. ಪಿನ್ನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್ ಅಂತರವಿದ್ದ ಇಡೀ ಕನೆಕ್ಟರನ್ನು ನಮ್ಮ ಉಸ್ತಾದರು ಕೂತು ಬೆಸೆದು ಕೊಟ್ಟರು. ಬೈಯಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಈಗ ಲಾಕಿಗೆ ಉಗುರು ಮಾತ್ರ ತಾಗಿಸುತ್ತೇನೆ.

ಧೂಳಷ್ಟೇ ಇದ್ದರೆ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಜಿಡ್ಡಿದ್ದರೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. 70 ಶೇಕಡಾದ್ದರಲ್ಲಿ ಉಳಿದದ್ದು ನೀರು. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ಜೆಲ್ ಇರುತ್ತವೆ; ಆಲ್ಕೊಹಾಲ್ ಹಾರಿದ ಮೇಲೂ ಅವು ಪದರವಾಗಿ ಉಳಿದು ಧೂಳು ಹಿಡಿಯುತ್ತವೆ. ನೇಲ್ ಪಾಲಿಶ್ ರಿಮೂವರಿನ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸಬಹುದು. ಮೆತ್ತನೆಯ ಬ್ರಷ್ಷನ್ನು ಆಲ್ಕೊಹಾಲಿನಲ್ಲಿ ಸ್ವಲ್ಪ ನೆನೆಸಿ, ಗೆರೆಗಳ ಉದ್ದಕ್ಕೆ ಹಗುರವಾಗಿ ಎಳೆಯಿರಿ, ಅಡ್ಡಡ್ಡ ತಿಕ್ಕಬೇಡಿ. ಕಪ್ಪು ತುದಿಯ ಸ್ಟ್ರಿಪ್ಪಾದರೆ ಅದೂ ಒಂದೇ ಸಲ. ಹಳದಿ ತುದಿಯದಾದರೂ ಅಳಿಸುವ ರಬ್ಬರ್ ಬೇಡ. ಆ ಚಿನ್ನದ ಲೇಪ ಬಲು ತೆಳು. ಹತ್ತು ನಿಮಿಷ ಆರಲು ಬಿಡಿ. ತುದಿಯ ದಪ್ಪ ಭಾಗ ಹಿಡಿದು ಒಳಗೆ ಕೂರಿಸಿ, ಸ್ಟ್ರಿಪ್ಪಿನ ಮೇಲೆ ಅಡ್ಡಕ್ಕೆ ಬಿಳಿ ಗೆರೆಯಿದ್ದರೆ ಅದು ಲಾಕಿಗೆ ಸಮಾನಾಂತರವಾಗಿದೆಯೇ ನೋಡಿ, ಆಮೇಲೆ ಲಾಕ್ ಒತ್ತಿ.

ಧಾರವಾಡದ ಜಿಟಿಜಿಟಿ ಮಳೆಗಾಲ ಮುಗಿದ ಮೇಲೆ ತಾಮ್ರದ ಸ್ಟ್ರಿಪ್‌ಗಳಲ್ಲಿ ಹಸಿರು ಕಿಲುಬು ಕಾಣುವುದುಂಟು. ಲೇಪ ಹೋಗಿ ತಾಮ್ರ ತೆರೆದುಕೊಂಡಿರುತ್ತದೆ. ಒರೆಸಿದರೆ ಅವತ್ತಿಗೆ ನಡೆಯುತ್ತದೆ, ಸ್ವಲ್ಪ ದಿನದಲ್ಲಿ ಮತ್ತೆ ಕಿಲುಬು. ಅಂಥದ್ದನ್ನು ನಾನು ಒರೆಸಿ ಕೊಡುವುದಿಲ್ಲ, ಹೊಸದನ್ನೇ ಹಾಕುತ್ತೇನೆ.